ಸಿಂಗಪುರದಲ್ಲಿ ಮಧ್ಯಸ್ಥಿಕೆ ವಿಚಾರಣೆಗೆ ಜಾಗ ಹಿಡಿದ ಅನುಭವ

ನ್ಯಾಯಾಲಯದಲ್ಲಿ ವಕೀಲರು ಕಡತ ಹಿಡಿದು ಒಳಗೆ ಹೋದರೆ ಸಾಕು. ಅಲ್ಲಿ ಕಟ್ಟಡವಿದೆ, ಬೆಂಚ್ ಗುಮಾಸ್ತರಿದ್ದಾರೆ, ಸಾಕ್ಷಿಯ ಹೆಸರು ಕೂಗುವ ದಫೇದಾರರಿದ್ದಾರೆ, ಹೇಳಿಕೆಯನ್ನು ಬರೆದುಕೊಳ್ಳುವ ಸಿಬ್ಬಂದಿ ಇದ್ದಾರೆ. ನ್ಯಾಯಾಲಯದ ಬದಲು ಪಕ್ಷಗಳು ಒಪ್ಪಿದ ಮಧ್ಯಸ್ಥಗಾರರೇ ತೀರ್ಪು ಕೊಡುವ ಅಂತರರಾಷ್ಟ್ರೀಯ ಮಧ್ಯಸ್ಥಿಕೆಯಲ್ಲಿ (ಆರ್ಬಿಟ್ರೇಷನ್) ಇವು ಯಾವುವೂ ಮೊದಲೇ ಸಿದ್ಧವಾಗಿ ಇರುವುದಿಲ್ಲ. ಬೇರೆ ಬೇರೆ ದೇಶಗಳಲ್ಲಿರುವ ಮೂವರು ಮಧ್ಯಸ್ಥಗಾರರು ಒಂದು ದಿನಾಂಕವನ್ನು ನಿಗದಿ ಮಾಡುತ್ತಾರೆ. ಆ ದಿನ ಅವರು ಕುಳಿತುಕೊಳ್ಳುವ ಕುರ್ಚಿಯಿಂದ ಹಿಡಿದು ಸಾಕ್ಷಿ ಆಡುವ ಮಾತನ್ನು ದಾಖಲಿಸುವ ಯಂತ್ರದವರೆಗೆ ಎಲ್ಲವನ್ನೂ ಕಕ್ಷಿಗಾರರು ತಮ್ಮ ಖರ್ಚಿನಲ್ಲಿ ಒದಗಿಸಬೇಕು. ಬೆಂಗಳೂರಿನ ವಕೀಲರ ಕಚೇರಿಯೊಂದರಲ್ಲಿ ಕೆಲಸ ಮಾಡುವ ನನಗೆ ಅಂಥದೊಂದು ವಿಚಾರಣೆಯ ವ್ಯವಸ್ಥೆಯ ಹೊಣೆ ಬಂದಿತ್ತು. ಮಧ್ಯಸ್ಥಿಕೆಯ ಕಲಾಪಗಳು ಗೋಪ್ಯವಾದ್ದರಿಂದ ಕಕ್ಷಿಗಾರರ ಗುರುತು ಕೊಡುವಂತಿಲ್ಲ; ನಮ್ಮ ಕಕ್ಷಿಗಾರರು ಉತ್ತರ ಕರ್ನಾಟಕದಲ್ಲಿ ಕಾರ್ಖಾನೆ ಇರುವ ಒಂದು ಕಂಪನಿ, ಎದುರು ಪಕ್ಷದವರು ಅದಕ್ಕೆ ಯಂತ್ರ ಪೂರೈಸಿದ ಜಪಾನಿನ ಕಂಪನಿ ಎಂದಷ್ಟೇ ಹೇಳಬಹುದು.

ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಸೀಟ್ ಸಿಂಗಪುರವೆಂದೂ, ಸಿಂಗಪುರ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಕೇಂದ್ರದ ನಿಯಮಗಳು ಅನ್ವಯಿಸುತ್ತವೆಂದೂ ಬರೆದಿತ್ತು. ಖರ್ಚಿನ ಅಂದಾಜನ್ನು ನೋಡಿದ ಕೂಡಲೇ ಕಂಪನಿಯ ಹಣಕಾಸು ಮುಖ್ಯಸ್ಥರು ಫೋನ್ ಮಾಡಿ, "ನಮ್ಮ ಸಾಕ್ಷಿಗಳೆಲ್ಲ ಇಲ್ಲೇ ಇದ್ದಾರಲ್ಲ ಮೇಡಂ, ಬೆಂಗಳೂರಿನಲ್ಲೇ ನಡೆಸಲು ಬರುವುದಿಲ್ಲವೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಸೀಟ್ ಎಂಬುದು ಕಾನೂನಿನ ನೆಲೆ. ಯಾವ ದೇಶದ ನ್ಯಾಯಾಲಯಕ್ಕೆ ಮಧ್ಯಸ್ಥಿಕೆಯ ಮೇಲೆ ಮೇಲ್ವಿಚಾರಣೆ ಇದೆ, ಐತೀರ್ಪನ್ನು, ಅಂದರೆ ಮಧ್ಯಸ್ಥಗಾರರು ಕೊಡುವ ತೀರ್ಪನ್ನು, ರದ್ದುಪಡಿಸುವಂತೆ ಕೋರಿ ಎಲ್ಲಿಗೆ ಹೋಗಬೇಕು ಎಂಬುದು ಅದರಿಂದ ನಿರ್ಧಾರವಾಗುತ್ತದೆ. ವಿಚಾರಣೆಯನ್ನು ಅನುಕೂಲಕ್ಕೆ ತಕ್ಕಂತೆ ಬೇರೆಡೆ ನಡೆಸಬಹುದು. ಭಾರತದ 1996ರ ಮಧ್ಯಸ್ಥಿಕೆ ಕಾಯ್ದೆಯ 20ನೇ ಕಲಮಿನಲ್ಲೂ, ಆ ಕಾಯ್ದೆಗೂ ಸಿಂಗಪುರದ ಕಾನೂನಿಗೂ ಮೂಲವಾದ 1985ರ ವಿಶ್ವಸಂಸ್ಥೆಯ ಮಾದರಿ ಕಾನೂನಿನಲ್ಲೂ ಈ ಅವಕಾಶವಿದೆ. ನಮ್ಮ ಸುಪ್ರೀಂ ಕೋರ್ಟ್ 2012ರ ಭಾರತ್ ಅಲ್ಯೂಮಿನಿಯಂ ಪ್ರಕರಣದಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಆದರೆ 2019ರ ಬಿಜಿಎಸ್ ಎಸ್‌ಜಿಎಸ್ ಸೋಮ ಪ್ರಕರಣದಲ್ಲಿ, ಒಪ್ಪಂದವು ಒಂದು ಊರನ್ನು ಮಧ್ಯಸ್ಥಿಕೆಯ ಕಲಾಪಗಳ ವೆನ್ಯೂ (ನಡೆಯುವ ಸ್ಥಳ) ಎಂದು ಹೆಸರಿಸಿ, ಅದಕ್ಕೆ ವಿರುದ್ಧವಾದ ಸೂಚನೆ ಬೇರೆಲ್ಲೂ ಇಲ್ಲದಿದ್ದರೆ ಆ ಊರೇ ಸೀಟ್ ಆಗುತ್ತದೆ ಎಂದು ಅದೇ ನ್ಯಾಯಾಲಯ ಹೇಳಿತು. ಹೀಗಾಗಿ ಸ್ಥಳದ ಬಗ್ಗೆ ಬರೆಯುವ ಪ್ರತಿಯೊಂದು ಇ-ಮೇಲ್‌ನಲ್ಲೂ ಎಚ್ಚರ ಬೇಕಾಗುತ್ತದೆ. ಎದುರು ಪಕ್ಷ ಬೆಂಗಳೂರಿಗೆ ಒಪ್ಪಲಿಲ್ಲ, ಮಧ್ಯಸ್ಥಗಾರರಲ್ಲಿ ಒಬ್ಬರು ಸಿಂಗಪುರದಲ್ಲೇ ನೆಲೆಸಿದವರು, ಬೆಂಗಳೂರಿನಿಂದ ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆಯ ದಾರಿ; ಕೊನೆಗೆ ಸಿಂಗಪುರವೇ ನಿಂತಿತು. ಹಾಗಿದ್ದರೂ ಒಬ್ಬ ಸಾಕ್ಷಿ ಬೆಂಗಳೂರಿನಿಂದ ವಿಡಿಯೊ ಮೂಲಕ ಮಾತನಾಡುವವರಿದ್ದುದರಿಂದ, ಅದರಿಂದ ಸೀಟ್‌ಗೆ ಯಾವ ಬದಲಾವಣೆಯೂ ಆಗದು ಎಂಬ ಒಂದು ಸಾಲನ್ನು ಮೂವರು ಮಧ್ಯಸ್ಥಗಾರರ ನ್ಯಾಯಮಂಡಳಿಯ ಆದೇಶದಲ್ಲಿ ಸೇರಿಸುವಂತೆ ನಾವೇ ಕೋರಿದೆವು.

ಮಧ್ಯಸ್ಥಿಕೆ ಕೇಂದ್ರದ ಹೆಸರು ಒಪ್ಪಂದದಲ್ಲಿದ್ದ ಮೇಲೆ ಕೊಠಡಿಯನ್ನೂ ಅವರೇ ಕೊಡುತ್ತಾರೆ ಎಂದು ನಮ್ಮ ಕಕ್ಷಿಗಾರರು ಭಾವಿಸಿದ್ದರು. 1991ರಲ್ಲಿ ಆರಂಭವಾದ ಆ ಸಂಸ್ಥೆ ಪ್ರಕರಣದ ಆಡಳಿತವನ್ನು ನೋಡಿಕೊಳ್ಳುತ್ತದೆ: ಮಧ್ಯಸ್ಥಗಾರರ ನೇಮಕ, ಶುಲ್ಕದ ಠೇವಣಿ, ಐತೀರ್ಪಿನ ಕರಡಿನ ಪರಿಶೀಲನೆ. ವಿಚಾರಣೆಯ ಕೊಠಡಿಗಳ ವ್ಯವಹಾರ ಬೇರೆ. ಅದಕ್ಕಾಗಿ ಅಲ್ಲಿ ಮ್ಯಾಕ್ಸ್‌ವೆಲ್ ಚೇಂಬರ್ಸ್ ಇದೆ. ಒಂದು ಕಾಲಕ್ಕೆ ಸುಂಕದ ಇಲಾಖೆಯ ಕಚೇರಿಯಾಗಿದ್ದ ಹಳೆಯ ಕಟ್ಟಡವನ್ನು ವಿಚಾರಣೆಗಳಿಗೆಂದೇ ಮಾರ್ಪಡಿಸಿ 2010ರಲ್ಲಿ ಅದನ್ನು ಅಧಿಕೃತವಾಗಿ ಉದ್ಘಾಟಿಸಿದರು. ಪಕ್ಕದಲ್ಲಿದ್ದ ಸಂಚಾರ ಪೊಲೀಸರ ಹಳೆಯ ಕೇಂದ್ರ ಕಚೇರಿ 2019ರಲ್ಲಿ ಅದರ ವಿಸ್ತರಣೆಯಾಯಿತು. ಲಂಡನ್ನಿನಲ್ಲೂ ಪ್ಯಾರಿಸ್ಸಿನಲ್ಲೂ ಇಂಥ ಕೇಂದ್ರಗಳಿವೆ. ಖರ್ಚು ಕಡಿಮೆಯಾದೀತೆಂದು ನಾನು ಅಲ್ಲಿನ ಕೆಲವು ಹೋಟೆಲುಗಳಿಂದಲೂ ದರಪಟ್ಟಿ ತರಿಸಿದ್ದೆ. ಸಭಾಂಗಣದ ಬಾಡಿಗೆ ಕಡಿಮೆಯೇ ಇತ್ತು. ಆದರೆ ಅದಕ್ಕೆ ಪಕ್ಷಕ್ಕೊಂದರಂತೆ ಪ್ರತ್ಯೇಕ ಕೊಠಡಿ, ರಾತ್ರಿ ಕಡತಗಳನ್ನು ಬಿಟ್ಟು ಬೀಗ ಹಾಕಿಕೊಂಡು ಹೋಗುವ ಅನುಕೂಲ, ಅನುವಾದಕರ ಬೂತ್, ಶಬ್ದ ನುಸುಳದ ಗೋಡೆ ಎಲ್ಲವನ್ನೂ ಕೂಡಿಸಿದಾಗ ಹೆಚ್ಚಿನ ಅಂತರ ಉಳಿಯಲಿಲ್ಲ; ಹಾಗಾಗಿ ಮ್ಯಾಕ್ಸ್‌ವೆಲ್ ಚೇಂಬರ್ಸ್‌ನಲ್ಲೇ ಜಾಗ ಹಿಡಿದೆವು. ಮದುವೆ ಛತ್ರವನ್ನು ಅಗ್ಗಕ್ಕೆ ಹಿಡಿದು ಪಾತ್ರೆ, ಜಮಖಾನ, ಜನರೇಟರ್ ಎಲ್ಲವನ್ನೂ ಹೊರಗಿನಿಂದ ತರಿಸಿದವರಿಗೆ ಈ ಲೆಕ್ಕ ಗೊತ್ತಿರುತ್ತದೆ.

ಕೊಠಡಿಯನ್ನು ಕಾಯ್ದಿರಿಸುವಾಗ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಓದಿದ್ದು ರದ್ದತಿಯ ಷರತ್ತುಗಳನ್ನು. ಮಧ್ಯಸ್ಥಗಾರರು, ಎರಡೂ ಕಡೆಯ ವಕೀಲರು, ತಜ್ಞರು ಎಲ್ಲರೂ ಬಿಡುವಾಗಿರುವ ಒಂದು ವಾರ ಸಿಗಬೇಕಾದರೆ ತಿಂಗಳುಗಟ್ಟಲೆ ಮೊದಲೇ ದಿನಾಂಕ ಹಿಡಿಯಬೇಕಾಗುತ್ತದೆ. ಅಷ್ಟರೊಳಗೆ ರಾಜಿಯಾಗಬಹುದು, ಯಾರಾದರೂ ಕಾಯಿಲೆ ಬೀಳಬಹುದು, ದಾಖಲೆ ಹಾಜರುಪಡಿಸುವ ತಕರಾರಿನಿಂದ ವಿಚಾರಣೆ ಮುಂದೆ ಹೋಗಬಹುದು. ದಿನ ಹತ್ತಿರವಾದಂತೆ ವಾಪಸು ಸಿಗುವ ಹಣ ಕಡಿಮೆಯಾಗುತ್ತಾ ಹೋಗುತ್ತದೆ. ಆಡಿದ ಮಾತನ್ನು ದಾಖಲಿಸುವ ನ್ಯಾಯವರದಿಗಾರರು, ಅನುವಾದಕರು ಮತ್ತು ಕೊಠಡಿ, ಈ ಮೂರರ ರದ್ದತಿಯ ಗಡುವುಗಳು ಬೇರೆ ಬೇರೆಯಾಗಿದ್ದರಿಂದ ಅವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, ಪ್ರತಿ ಗಡುವಿಗೆ ಒಂದು ವಾರ ಮೊದಲು ಎರಡೂ ಪಕ್ಷದ ವಕೀಲರಿಗೆ ನೆನಪೋಲೆ ಹೋಗುವಂತೆ ಮಾಡಿದೆ. ರಾಜಿಯ ಮಾತು ನಡೆಯುತ್ತಿದ್ದಾಗ ಈ ಹಾಳೆಯೇ ಹೆಚ್ಚು ಉಪಯೋಗಕ್ಕೆ ಬಂದಿತು. ಹಣ ಪಾವತಿಯ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ: ವಿದೇಶಕ್ಕೆ ಹಣ ಕಳಿಸಲು ಬ್ಯಾಂಕಿನವರು ಆದಾಯ ತೆರಿಗೆಯ 15ಸಿಎ ಮತ್ತು 15ಸಿಬಿ ನಮೂನೆಗಳನ್ನು ಕೇಳಿದರು, ಲೆಕ್ಕ ಪರಿಶೋಧಕರ ಸಹಿಗೆ ಸಮಯ ಹಿಡಿಯಿತು, 2024ರಿಂದ ಶೇ. 9ಕ್ಕೆ ಏರಿರುವ ಅಲ್ಲಿನ ಜಿಎಸ್‌ಟಿ ದರಪಟ್ಟಿಯಲ್ಲಿ ಸೇರಿದೆಯೋ ಇಲ್ಲವೋ ಎಂದು ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೇಳಬೇಕಾಯಿತು.

ಕೊಠಡಿಗಳ ಹಂಚಿಕೆಯಲ್ಲಿ ಮೊದಲ ಜಗಳ ಹುಟ್ಟಿತು. ಮುಖ್ಯ ವಿಚಾರಣಾ ಕೊಠಡಿಯ ಜೊತೆಗೆ ನ್ಯಾಯಮಂಡಳಿಗೆ ಒಂದು, ಪಕ್ಷಗಳಿಗೆ ಒಂದೊಂದು, ಸಾಕ್ಷಿಗಳಿಗೆ ಒಂದು ಹೀಗೆ ಕೊಠಡಿಗಳನ್ನು ಹಿಡಿದಿದ್ದೆವು. ಪಕ್ಷಗಳ ಎರಡು ಕೊಠಡಿಗಳಲ್ಲಿ ಒಂದು ದೊಡ್ಡದು ಮತ್ತು ಮುಖ್ಯ ಕೊಠಡಿಗೆ ಹತ್ತಿರ; ಇನ್ನೊಂದು ಸಣ್ಣದು, ಓಣಿಯ ತುದಿಯಲ್ಲಿ. ಮೊದಲು ಕಾಯ್ದಿರಿಸಿದವರು ನಾವಾದ್ದರಿಂದ ದೊಡ್ಡದು ನಮಗೇ ಸೇರಬೇಕೆಂದು ನಮ್ಮ ಹಿರಿಯರ ವಾದ. ತಮ್ಮ ಕಡೆಯವರ ಸಂಖ್ಯೆ ಹೆಚ್ಚೆಂದು ಅವರ ವಾದ. ಇದನ್ನು ಹೊರಗಿನವರು ಕೇಳಿದರೆ ನಕ್ಕಾರು. ಆದರೆ ಹತ್ತು ನಿಮಿಷದ ವಿರಾಮದಲ್ಲಿ ಓಣಿಯ ತುದಿಗೆ ಹೋಗಿ, ಕಕ್ಷಿಗಾರರೊಂದಿಗೆ ಮಾತನಾಡಿ, ಕಾಫಿ ಹಿಡಿದು ವಾಪಸು ಬರುವ ತಂಡಕ್ಕೂ ಪಕ್ಕದ ಬಾಗಿಲಿಗೆ ಹೋಗುವ ತಂಡಕ್ಕೂ ದಿನದ ಕೊನೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಪಕ್ಷಗಳನ್ನು ಸಮಾನವಾಗಿ ನಡೆಸಿಕೊಳ್ಳಬೇಕು, ತನ್ನ ವಾದವನ್ನು ಮಂಡಿಸಲು ಪ್ರತಿಯೊಬ್ಬರಿಗೂ ಪೂರ್ಣ ಅವಕಾಶ ಕೊಡಬೇಕು ಎಂಬುದು ಮಾದರಿ ಕಾನೂನಿನ 18ನೇ ವಿಧಿ. ವಾದ ಮಂಡಿಸಲು ಅವಕಾಶ ಸಿಗದ ಪಕ್ಷ ವಿದೇಶಿ ಐತೀರ್ಪುಗಳ ಜಾರಿಗೆ ಸಂಬಂಧಿಸಿದ 1958ರ ನ್ಯೂಯಾರ್ಕ್ ಒಡಂಬಡಿಕೆಯ 5ನೇ ವಿಧಿಯಡಿ ಐತೀರ್ಪಿನ ಜಾರಿಯನ್ನೇ ವಿರೋಧಿಸಬಹುದು. ಕೊಠಡಿಯ ಅಳತೆಯ ಕಾರಣಕ್ಕೆ ಐತೀರ್ಪು ಬೀಳುವುದಿಲ್ಲ, ನಿಜ. ಆದರೂ ಈ ಎರಡು ವಿಧಿಗಳ ನೆರಳು ವ್ಯವಸ್ಥೆಯ ಪ್ರತಿ ಸಣ್ಣ ತೀರ್ಮಾನದ ಮೇಲೂ ಬೀಳುತ್ತದೆ. ನಾನು ಮಾಡುತ್ತಿದ್ದ ಕೆಲಸ ಕೇವಲ ಉಸ್ತುವಾರಿಯ ಕೆಲಸವಲ್ಲ, ಕಾನೂನಿನದೇ ಒಂದು ತುದಿ ಎಂದು ನನಗೆ ಆಗಲೇ ಮನವರಿಕೆಯಾಯಿತು. ಜಗಳಕ್ಕೆ ಪರಿಹಾರವಾಗಿ ಎರಡೂ ಕಡೆಯ ಕಿರಿಯ ವಕೀಲರು ವಿಡಿಯೊ ಕರೆಯಲ್ಲಿ ಚೀಟಿ ಎತ್ತಿದೆವು. ದೊಡ್ಡ ಕೊಠಡಿ ಅವರಿಗೆ ಹೋಯಿತು.

ನ್ಯಾಯವರದಿಗಾರರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನಮ್ಮ ನ್ಯಾಯಾಲಯಗಳಲ್ಲಿ ಈ ಪದ್ಧತಿ ಅಷ್ಟಾಗಿ ಇಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಾಕ್ಷಿಯ ಉತ್ತರವನ್ನು ಸಾರಾಂಶಗೊಳಿಸಿ ಬರೆಸುತ್ತಾರೆ. ಅಲ್ಲಿ ಸ್ಟೆನೊ ಯಂತ್ರದ ಮುಂದೆ ಕುಳಿತವರು ಆಡಿದ ಪ್ರತಿ ಮಾತನ್ನೂ, ತೊದಲಿದ್ದನ್ನೂ, ಅರ್ಧಕ್ಕೆ ನಿಲ್ಲಿಸಿದ್ದನ್ನೂ ದಾಖಲಿಸುತ್ತಾರೆ. ಕೆಲವೇ ಕ್ಷಣಗಳಲ್ಲಿ ಅದು ಮಧ್ಯಸ್ಥಗಾರರ ಮತ್ತು ವಕೀಲರ ಪರದೆಗಳ ಮೇಲೆ ಮೂಡುತ್ತದೆ. ಪಾಟೀ ಸವಾಲು ಮಾಡುವ ವಕೀಲರು ಸಾಕ್ಷಿ ಐದು ನಿಮಿಷದ ಹಿಂದೆ ಹೇಳಿದ್ದನ್ನು ಪರದೆಯಿಂದಲೇ ಓದಿ ಹೇಳಬಲ್ಲರು. ಈ ವರದಿಗಾರರಿಗೆ ಮೊದಲೇ ಒಂದು ಪದಪಟ್ಟಿ ಕೊಡಬೇಕು: ವ್ಯಕ್ತಿಗಳ ಹೆಸರು, ಊರುಗಳ ಹೆಸರು, ಯಂತ್ರದ ಭಾಗಗಳು. ಹೊಸಪೇಟೆ, ಕೊಪ್ಪಳಗಳನ್ನು ಕಾಗುಣಿತ ತಪ್ಪದೆ ಬರೆಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಲಕ್ಷ ಮತ್ತು ಕೋಟಿಗಳ ವಿಷಯ. ನಮ್ಮ ಸಾಕ್ಷಿಗಳು ಹನ್ನೆರಡೂವರೆ ಕೋಟಿ ಎಂದು ಹೇಳುತ್ತಾರೆ, ನಮ್ಮ ಬಿಲ್ಲುಗಳಲ್ಲಿ ಅದು 12,50,00,000 ಎಂದಿರುತ್ತದೆ, ಜಪಾನಿನವರ ಲೆಕ್ಕಪತ್ರದಲ್ಲಿ ಅದೇ ಮೊತ್ತ 125,000,000 ಎಂದಿರುತ್ತದೆ. ಅಲ್ಪವಿರಾಮ ಎಲ್ಲಿದೆ ಎಂದು ನೋಡುತ್ತಾ ತಲೆ ಕೆಡಿಸಿಕೊಳ್ಳುವ ಹೊತ್ತು ಪಾಟೀ ಸವಾಲಿನಲ್ಲಿ ಇರುವುದಿಲ್ಲ. ಅದಕ್ಕಾಗಿ, ಸಾಕ್ಷಿ ಹೇಳಿದ ರೂಪದಲ್ಲೇ ಮೊತ್ತವನ್ನು ದಾಖಲಿಸಿ, ದಶಲಕ್ಷದ ಲೆಕ್ಕದಲ್ಲಿ ಅದೆಷ್ಟೆಂಬುದನ್ನು ಆ ದಿನ ಸಂಜೆಯ ಪ್ರತಿಯಲ್ಲಿ ಪಕ್ಕದಲ್ಲೇ ಸೇರಿಸಬೇಕೆಂದು ಎರಡೂ ಪಕ್ಷಗಳು ಒಪ್ಪಿ ಬರೆದುಕೊಟ್ಟೆವು.

ಅನುವಾದಕರ ವ್ಯವಸ್ಥೆಯಲ್ಲಿ ಎರಡು ಬಗೆಗಳಿವೆ. ಜಪಾನಿ ಸಾಕ್ಷಿಗಳಿಗೆ ಏಕಕಾಲದ ಅನುವಾದ: ಹಿಂದಿನ ಬೂತ್‌ನಲ್ಲಿ ಇಬ್ಬರು ಕುಳಿತು, ಅರ್ಧ ಗಂಟೆಯೊಳಗೆ ಸರದಿ ಬದಲಿಸುತ್ತಾ, ಹೆಡ್‌ಫೋನಿನಲ್ಲಿ ಕೇಳಿದ್ದನ್ನು ಜೊತೆಜೊತೆಗೇ ಇಂಗ್ಲಿಷಿನಲ್ಲಿ ಹೇಳುತ್ತಿರುತ್ತಾರೆ. ಒಬ್ಬರನ್ನೇ ಇಡೀ ದಿನ ಕೂರಿಸಿ ಖರ್ಚು ಉಳಿಸುತ್ತೇವೆಂದರೆ ಆಗದು. ಮಧ್ಯಾಹ್ನದ ಹೊತ್ತಿಗೆ ಅನುವಾದ ಕುಸಿಯುತ್ತದೆ. ನಮ್ಮ ಕಡೆಯ ಸಾಕ್ಷಿಯೊಬ್ಬರು ಕಾರ್ಖಾನೆಯಲ್ಲಿ ಯಂತ್ರ ಜೋಡಣೆಯ ಮೇಲ್ವಿಚಾರಕರಾಗಿದ್ದವರು, ಕನ್ನಡದಲ್ಲಿ ಮಾತ್ರ ವಿವರವಾಗಿ ಮಾತನಾಡಬಲ್ಲವರು. ಸಿಂಗಪುರದ ಅಧಿಕೃತ ಭಾಷೆಗಳು ಇಂಗ್ಲಿಷ್, ಮಲಯ, ಚೀನಿ ಮತ್ತು ತಮಿಳು. ತಮಿಳಿನ ಅನುವಾದಕರನ್ನು ಅಲ್ಲಿ ಸುಲಭವಾಗಿ ಪಡೆಯಬಹುದಿತ್ತು. ಕನ್ನಡಕ್ಕೆ, ಅದರಲ್ಲೂ ಬೆಸುಗೆ, ಬೇರಿಂಗು, ಅಲೈನ್‌ಮೆಂಟುಗಳ ಮಾತು ತಿಳಿದವರು ನನಗೆ ಸಿಕ್ಕಲಿಲ್ಲ. ಬೆಂಗಳೂರಿನಿಂದಲೇ ಒಬ್ಬರನ್ನು ಕರೆದೊಯ್ದೆವು. ಅವರು ನಮ್ಮ ಕಡೆಯವರಲ್ಲ ಎಂದು ಎದುರು ಪಕ್ಷಕ್ಕೆ ಖಾತರಿಯಾಗಬೇಕಿತ್ತು, ಆದ್ದರಿಂದ ಅವರ ಅನುಭವದ ವಿವರಗಳನ್ನು ಮೊದಲೇ ಕಳುಹಿಸಿ ಒಪ್ಪಿಗೆ ಪಡೆದು, ಶುಲ್ಕವನ್ನೂ ಇಬ್ಬರೂ ಸಮವಾಗಿ ಭರಿಸುವಂತೆ ಮಾಡಿದೆವು. ಈ ಅನುವಾದ ಬೂತ್‌ನೊಳಗಿನದಲ್ಲ. ಸಾಕ್ಷಿ ಹೇಳಿ ಮುಗಿಸಿದ ಮೇಲೆ ಪಕ್ಕದಲ್ಲಿ ಕುಳಿತವರು ಹೇಳುವಂಥದು. ಇದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಸಮಯ ಹಿಡಿಯುತ್ತದೆ.

ಸಮಯದ ಪ್ರಶ್ನೆ ಸಣ್ಣದಲ್ಲ. ಇಂಥ ವಿಚಾರಣೆಗಳಲ್ಲಿ ಚದುರಂಗದ ಗಡಿಯಾರದ ಪದ್ಧತಿ ಇದೆ: ಒಟ್ಟು ಗಂಟೆಗಳನ್ನು ಎರಡು ಪಕ್ಷಗಳಿಗೂ ಹಂಚಿ, ಯಾರು ಮಾತನಾಡುತ್ತಿದ್ದಾರೋ ಅವರ ಖಾತೆಯಿಂದ ನಿಮಿಷ ಕಳೆಯುತ್ತಾ ಹೋಗುತ್ತಾರೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆಯವರೆಗೆ ಕುಳಿತರೂ ಊಟ ಮತ್ತು ವಿರಾಮಗಳನ್ನು ಕಳೆದರೆ ಕೈಗೆ ಸಿಗುವುದು ದಿನಕ್ಕೆ ಆರು ಗಂಟೆ. ಐದು ದಿನಕ್ಕೆ ಮೂವತ್ತು. ಅದರಲ್ಲಿ ನಾಲ್ಕು ಗಂಟೆ ನ್ಯಾಯಮಂಡಳಿಯ ಪ್ರಶ್ನೆಗಳಿಗೆ ಮತ್ತು ಇತರ ಕೆಲಸಗಳಿಗೆಂದು ತೆಗೆದಿಟ್ಟು, ಉಳಿದ ಇಪ್ಪತ್ತಾರನ್ನು ಹದಿಮೂರು ಹದಿಮೂರಾಗಿ ಹಂಚಲಾಯಿತು. ಕನ್ನಡದ ಸಾಕ್ಷಿಗೆ ಎದುರು ಪಕ್ಷದ ವಕೀಲರು ಮಾಡುವ ಪಾಟೀ ಸವಾಲು ಅವರ ಖಾತೆಯಿಂದಲೇ ಕಳೆಯುವಾಗ, ಅನುವಾದಕ್ಕೆ ಹೋಗುವ ಸಮಯವನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಸುದೀರ್ಘ ಪತ್ರವ್ಯವಹಾರವಾಗಿ, ಅನುವಾದಕರು ನೆರವಾದ ಅವಧಿಯ ಅರ್ಧವನ್ನು ಮಾತ್ರ ಪಕ್ಷದ ಖಾತೆಗೆ ಹಾಕುವುದೆಂದು ನ್ಯಾಯಮಂಡಳಿ ಆದೇಶಿಸಿತು. ಗಡಿಯಾರವನ್ನು ನೋಡಿಕೊಂಡವರು ನಾನು ಮತ್ತು ಎದುರು ಪಕ್ಷದ ಒಬ್ಬ ಕಿರಿಯ ವಕೀಲೆ. ದಿನದ ಕೊನೆಗೆ ನಮ್ಮಿಬ್ಬರ ಲೆಕ್ಕ ತಾಳೆಯಾಗದೆ ಯಾರೂ ಎದ್ದು ಹೋಗುವಂತಿರಲಿಲ್ಲ.

ಸಾಕ್ಷಿಗಳ ಕೊಠಡಿಗೆ ಒಂದು ವಿಶೇಷ ಕಾರಣವಿದೆ. ಸಂಗತಿಯ ಬಗ್ಗೆ ಸಾಕ್ಷಿ ಹೇಳುವವರು ತಮ್ಮ ಸರದಿ ಬರುವವರೆಗೆ ವಿಚಾರಣೆಯೊಳಗೆ ಕೂರುವಂತಿಲ್ಲ ಎಂದು ನಮ್ಮ ಪ್ರಕರಣದಲ್ಲಿ ಆದೇಶವಾಗಿತ್ತು. ಸಾಕ್ಷ್ಯ ಅರ್ಧದಲ್ಲಿದ್ದಾಗ ವಿರಾಮ ಬಂದರೆ ತಮ್ಮ ಕಡೆಯವರೊಡನೆ ಪ್ರಕರಣದ ಮಾತನ್ನಾಡುವಂತಿಲ್ಲ. ಮೇಲ್ವಿಚಾರಕರ ಪಾಟೀ ಸವಾಲು ಊಟದ ಹೊತ್ತಿಗೆ ನಿಂತಾಗ ಅವರು ಓಣಿಯಲ್ಲಿ ನನ್ನನ್ನು ನೋಡಿ, "ಊಟಕ್ಕರ ನಿಮ್ಮ ಜೋಡಿ ಕುಂದರಬಹುದಲ್ರೀ, ಮೇಡಮ್ಮಾರ?" ಎಂದರು. "ಇಲ್ಲ ಯಜಮಾನ್ರೇ, ಇವತ್ತು ನಿಮ್ಮ ಊಟ ಬೇರೆ ಕೋಣೆಗೆ ಬರುತ್ತೆ" ಎಂದು ಹೇಳಿ, ಎದುರು ಪಕ್ಷದವರಿಗೆ ಕಾಣುವಂತೆಯೇ ನಾನು ಆ ಕಡೆಗೆ ಸರಿದೆ. ಹೊಸ ಊರಿನಲ್ಲಿ, ಗೊತ್ತಿಲ್ಲದ ಜನರ ನಡುವೆ, ಇಡೀ ಬೆಳಿಗ್ಗೆ ಪ್ರಶ್ನೆಗಳನ್ನು ಎದುರಿಸಿದ ಹಿರಿಯರನ್ನು ಒಂಟಿಯಾಗಿ ಊಟಕ್ಕೆ ಕೂರಿಸುವುದು ಮನಸ್ಸಿಗೆ ಕಸಿವಿಸಿಯೇ. ಈ ನಿಯಮವನ್ನು ಬೆಂಗಳೂರಿನಲ್ಲೇ ಸಾಕ್ಷಿಗಳಿಗೆ ವಿವರವಾಗಿ ತಿಳಿಸಬೇಕು. ಅಲ್ಲಿಗೆ ಹೋದ ಮೇಲೆ ಕೇಳಿದರೆ ಅದು ಅವಮಾನದಂತೆ ತೋರುತ್ತದೆ.

ಊಟದ ಮಾತು ಬಂದಿದ್ದರಿಂದ ಹೇಳುತ್ತೇನೆ. ನಮ್ಮ ತಂಡದಲ್ಲಿ ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿದ್ದರು, ಜಪಾನಿನ ತಂಡದಲ್ಲಿ ಕಡಲೆಕಾಯಿ ಒಗ್ಗದವರೊಬ್ಬರಿದ್ದರು. ಎದುರಿಗೇ ಮ್ಯಾಕ್ಸ್‌ವೆಲ್ ಫುಡ್ ಸೆಂಟರ್ ಇದೆ. ಅದರ ಪಕ್ಕದ ಬೀದಿಗೆ ತಮಿಳುನಾಡಿನ ಒಂದು ಊರಿನ ಹೆಸರು, ಕಡಯನಲ್ಲೂರ್ ಸ್ಟ್ರೀಟ್. ಹೆಸರಷ್ಟೇ ನಮ್ಮ ಕಡೆಯದು, ಮಧ್ಯಾಹ್ನ ಅಲ್ಲಿ ಕೋಳಿ ಅನ್ನಕ್ಕೆ ನಿಂತ ಸಾಲಿನಲ್ಲಿ ಒಂದು ಗಂಟೆಯ ವಿರಾಮ ಮುಗಿದೇ ಹೋಗುತ್ತದೆ. ಭಾರತೀಯ ಹೋಟೆಲುಗಳಿರುವ ಸೆರಂಗೂನ್ ರಸ್ತೆಯ ಕಡೆಯಿಂದ ಸಸ್ಯಾಹಾರದ ಊಟ ತರಿಸಿ ಕೊಠಡಿಯಲ್ಲೇ ಬಡಿಸುವ ಏರ್ಪಾಡು ಮಾಡಿದೆವು. ವಿರಾಮ ಮುಗಿಯುವ ಮೊದಲು ಹೊಟ್ಟೆ ತುಂಬದ ವಕೀಲರ ವಾದವನ್ನು ಮಧ್ಯಾಹ್ನ ಎರಡೂವರೆಗೆ ಕೇಳಿದವರಿಗೆ ಇದರ ಮಹತ್ವವನ್ನು ಹೇಳಬೇಕಾಗಿಲ್ಲ.

ವಿಡಿಯೊ ಸಾಕ್ಷಿ ಒಬ್ಬ ನಿವೃತ್ತ ಎಂಜಿನಿಯರು, ವೈದ್ಯರು ವಿಮಾನ ಪ್ರಯಾಣ ಬೇಡವೆಂದಿದ್ದರು. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ; ಅಲ್ಲಿ ಒಂಬತ್ತೂವರೆಗೆ ಆರಂಭಿಸಿದರೆ ಇಲ್ಲಿ ಏಳು ಗಂಟೆ. ಆದ್ದರಿಂದ ಅವರ ಸರದಿಯನ್ನು ಊಟದ ನಂತರಕ್ಕೆ, ಅಂದರೆ ಬೆಂಗಳೂರಿನ ಹನ್ನೊಂದೂವರೆಗೆ ಇಟ್ಟೆವು. ಮನೆಯಿಂದ ಮಾತನಾಡುತ್ತೇನೆಂದು ಅವರು ಹೇಳಿದ್ದರು. ಅದಕ್ಕೆ ಒಪ್ಪದೆ ನಗರದಲ್ಲೇ ಬಾಡಿಗೆ ಕೊಠಡಿಯೊಂದನ್ನು ಹಿಡಿದು, ಎದುರು ಪಕ್ಷದ ಪ್ರತಿನಿಧಿಯೊಬ್ಬರು ಅಲ್ಲಿಯೇ ಕೂರಲು ಅವಕಾಶ ಕೊಟ್ಟೆವು. ಸಾಕ್ಷ್ಯ ಆರಂಭವಾಗುವ ಮೊದಲು ಕ್ಯಾಮೆರಾವನ್ನು ಸುತ್ತಲೂ ತಿರುಗಿಸಿ ಬೇರೆ ಯಾರೂ ಇಲ್ಲವೆಂದು ತೋರಿಸಬೇಕು. ಪಾಟೀ ಸವಾಲಿನ ದಾಖಲೆಗಳು ಮೊಹರು ಮಾಡಿದ ಲಕೋಟೆಯಲ್ಲಿ ಬಂದು, ಕ್ಯಾಮೆರಾದ ಎದುರಿಗೇ ತೆರೆಯಬೇಕು. ಪೂರ್ವಾಭ್ಯಾಸದ ದಿನ ಎಲ್ಲವೂ ಸುಗಮವಾಗಿ ನಡೆಯುತ್ತಿದ್ದಾಗ ಆ ಕಟ್ಟಡದಲ್ಲಿ ವಿದ್ಯುತ್ ಹೋಯಿತು. ಜನರೇಟರ್ ಕೆಲವೇ ಕ್ಷಣಗಳಲ್ಲಿ ಚಾಲೂ ಆಯಿತಾದರೂ ಇಂಟರ್ನೆಟ್ಟಿನ ಪೆಟ್ಟಿಗೆಗೆ ಯುಪಿಎಸ್ ಇರಲಿಲ್ಲ. ಸಂಪರ್ಕ ಮತ್ತೆ ಬರಲು ಇನ್ನೂ ಹೊತ್ತು ಹಿಡಿಯಿತು. ಜನರೇಟರ್ ಇದೆಯೇ ಎಂದು ಕೇಳುವುದು ಎಲ್ಲರಿಗೂ ಹೊಳೆಯುತ್ತದೆ, ರೂಟರ್ ಯಾವುದಕ್ಕೆ ಸಿಕ್ಕಿಸಿದೆ ಎಂದು ಯಾರೂ ಕೇಳುವುದಿಲ್ಲ. ವಿಚಾರಣೆಯ ದಿನಕ್ಕೆ ಒಂದು ಯುಪಿಎಸ್ ಮತ್ತು ಬೇರೆ ಕಂಪನಿಯ ಎರಡನೇ ಸಂಪರ್ಕ ಸಿದ್ಧವಿದ್ದವು.

ದಾಖಲೆಗಳನ್ನು ಬೆಂಗಳೂರಿನಲ್ಲಿ ಮುದ್ರಿಸಿ ಹೊತ್ತೊಯ್ಯುವ ಬದಲು ಸಿಂಗಪುರದಲ್ಲೇ ಮುದ್ರಿಸಿದೆವು. ಇಬ್ಬರು ಮಧ್ಯಸ್ಥಗಾರರು ಕಂಪ್ಯೂಟರಿನಲ್ಲೇ ಓದುವವರು. ಅಧ್ಯಕ್ಷರಿಗೆ ಮಾತ್ರ ಎ5 ಅಳತೆಯಲ್ಲಿ, ಎರಡೂ ಮಗ್ಗುಲಿಗೆ ಮುದ್ರಿಸಿದ ಕಡತಗಳು ಬೇಕಿದ್ದವು. ಕೊಠಡಿಯಲ್ಲಿ ದಾಖಲೆಗಳನ್ನು ಪರದೆಗೆ ತರಲು ಒಬ್ಬ ನಿರ್ವಾಹಕರನ್ನು ಎರಡೂ ಪಕ್ಷಗಳ ಪರವಾಗಿ ನೇಮಿಸಿಕೊಂಡದ್ದು ನಮ್ಮ ಖರ್ಚಿನಲ್ಲೇ ಅತ್ಯಂತ ಸಾರ್ಥಕವಾದದ್ದು ಎಂದು ನನಗೆ ಈಗಲೂ ಅನ್ನಿಸುತ್ತದೆ. ವಕೀಲರು ಪುಟದ ಸಂಖ್ಯೆ ಹೇಳಿ ಮುಗಿಸುವಷ್ಟರಲ್ಲಿ ಎಲ್ಲರ ಮುಂದೆಯೂ ಅದೇ ಪುಟ, ಅದೇ ಸಾಲು. ಆಯಾ ಪಕ್ಷದ ಕೊಠಡಿಗೆ ಪ್ರತ್ಯೇಕ ವೈ-ಫೈ, ದಿನದ ಕೊನೆಗೆ ಬಿಳಿ ಹಲಗೆ ಅಳಿಸುವ ಜವಾಬ್ದಾರಿ, ಟಿಪ್ಪಣಿ ಬರೆದ ಹಾಳೆಗಳನ್ನು ಕತ್ತರಿಸಿ ಹಾಕುವ ಯಂತ್ರ ಇವನ್ನೂ ಪಟ್ಟಿಯಲ್ಲಿ ಬರೆದಿದ್ದೆ.

ಕೊನೆಯ ದಿನ ಸಂಜೆ ಕೊಠಡಿ ಖಾಲಿ ಮಾಡಿದ ಮೇಲೂ ಕೆಲಸ ಮುಗಿಯಲಿಲ್ಲ. ವರದಿಗಾರರ ದಾಖಲೆಯಲ್ಲಿನ ತಪ್ಪುಗಳನ್ನು ಎರಡೂ ಪಕ್ಷಗಳು ತಿದ್ದಿ ಒಮ್ಮತದ ಪ್ರತಿಯನ್ನು ಸಲ್ಲಿಸಬೇಕಿತ್ತು. ಒಮ್ಮತವಾಗದ ಸಾಲುಗಳನ್ನು ಧ್ವನಿಮುದ್ರಣ ಕೇಳಿ ನ್ಯಾಯಮಂಡಳಿ ತೀರ್ಮಾನಿಸಬೇಕಿತ್ತು. ಆಮೇಲೆ ಖರ್ಚಿನ ತಖ್ತೆ. ಇಂಥ ಪ್ರಕರಣಗಳಲ್ಲಿ ಸೋತವರು ಗೆದ್ದವರ ಖರ್ಚನ್ನು ಪೂರ್ತಿಯಾಗಿಯೋ ಭಾಗಶಃವೋ ಕೊಡಬೇಕೆಂದು ನ್ಯಾಯಮಂಡಳಿ ಆದೇಶಿಸಬಹುದಾದ್ದರಿಂದ, ಕೊಠಡಿಯ ಬಾಡಿಗೆಯಿಂದ ಹಿಡಿದು ಬೆಂಗಳೂರಿನಲ್ಲಿ ತಂದ ಯುಪಿಎಸ್‌ನ ಬಿಲ್ಲಿನವರೆಗೆ ಎಲ್ಲಕ್ಕೂ ರಸೀದಿ ಲಗತ್ತಿಸಿದೆ. ಎದುರು ಪಕ್ಷದವರು ಯುಪಿಎಸ್‌ಗೆ ಆಕ್ಷೇಪಿಸಲಿಲ್ಲ. ಈರುಳ್ಳಿ ಇಲ್ಲದ ಊಟದ ಬಿಲ್ಲನ್ನು ಮಾತ್ರ ಹಂಚಿಕೊಳ್ಳಲಾಗದು ಎಂದು ಬರೆದರು, ನಾವೂ ಅದನ್ನು ತಖ್ತೆಯಿಂದ ತೆಗೆದೆವು.